ಅಣಕಿಸಲು ಸಿಗದ ಮೌನ

ಭಕ್ತ ಬಂಧುಗಳೇ, ಮದುವೆ ಆರ್ಕೆಸ್ಟ್ರಾಗಳಲ್ಲಿ ಮಿಮಿಕ್ರಿ ಮಾಡಿ ಬದುಕುವ ಟೇಕಲ್ಲಿನ ಹುಡುಗ ನಾನು. ಊರಲ್ಲಿ ನಾನು ಅಣಕಿಸದವರಿಲ್ಲ. ಕನ್ನಡಿ ಸಿಕ್ಕರೆ ನನ್ನನ್ನೂ ಬಿಡುವವನಲ್ಲ.

ಸಂಕ್ರಾಂತಿ ಕಳೆದ ವಾರ ಅಮ್ಮನಿಗೆ ಲಕ್ವ ಹೊಡೆದು ಬಲಗೈ, ಮಾತು ಎರಡೂ ಹೋದವು. ಕೋಲಾರದ ಆಸ್ಪತ್ರೆಯಲ್ಲಿ ಡಾಕ್ಟರು, "ಮಾತು ಬರೋದು ಕಷ್ಟ. ಊಟಾನೂ ಬಿಟ್ರೆ ಉಳಿಯಲ್ಲ" ಎಂದರು. ನುಂಗಲು ಆಗುತ್ತಿತ್ತು, ಆದರೂ ಅಮ್ಮ ಬಾಯಿ ಬಿಗಿದುಕೊಂಡಳು. ಮೂಗಿಗೆ ಹಾಕಿದ ಟ್ಯೂಬನ್ನು ಎಡಗೈಯಲ್ಲಿ ಕಿತ್ತೆಸೆದಳು. ಅವಳನ್ನು ನಗಿಸಲು ನಾನು ಡಾಕ್ಟರಾದೆ, ನರ್ಸಾದೆ, ಮಾಲೂರು ಬಸ್ಸಿನ ಕಂಡಕ್ಟರಾದೆ. ವಾರ್ಡೆಲ್ಲ ನಕ್ಕಿತು, ಅಮ್ಮ ನಗಲಿಲ್ಲ. ಕೊನೆಗೆ ಅವಳದೇ ದನಿಯಲ್ಲಿ, "ಲೇ ಶೀನ, ಉಂಡು ಹೋಗೋ" ಎಂದೆ. ಅಮ್ಮ ನನ್ನನ್ನೇ ನೋಡಿ ಗೋಡೆಗೆ ಮುಖ ತಿರುಗಿಸಿದಳು.

"ಏಮ್ರಾ, ಅವಳ ದನೀನ ನೀನೇ ಕಿತ್ಕೊಂಡಂಗೈತೆ. ಸುಮ್ನಿರು," ಎಂದಳು ಜೊತೆಗಿದ್ದ ಚಿಕ್ಕಮ್ಮ.

ಮುಳಬಾಗಿಲಿನ ಆಂಜನೇಯನಿಗೆ ಹರಕೆ ಹೊತ್ತೆ, ದರ್ಗಾದ ತಾಯಿತ ಕಟ್ಟಿದೆ. ಎರಡೂ ಕಡೆ ಬಾಯಿ ನಿಲ್ಲಿಸದೆ ಬೇಡಿದೆ. ಅಮ್ಮ ಕರಗುತ್ತಲೇ ಇದ್ದಳು.

ಒಂದು ಭಾನುವಾರ ಬೆಳಿಗ್ಗೆ ನನ್ನ ಹೈಸ್ಕೂಲ್ ಮೇಷ್ಟ್ರು ಡೇನಿಯಲ್ ಸರ್ ಆಸ್ಪತ್ರೆ ಗೇಟಿನಲ್ಲಿ ಸಿಕ್ಕರು. ಅವರು ಕ್ವೇಕರ್ ಪಂಥದ ಕ್ರೈಸ್ತರು. ಅವರಲ್ಲಿ ಪಾದ್ರಿ ಇಲ್ಲ, ಹಾಡಿಲ್ಲ. ಎಲ್ಲರೂ ಸುಮ್ಮನೆ ಕೂರುತ್ತಾರೆ. ಒಳಗಿನಿಂದ ದೇವರ ಪ್ರೇರಣೆ ಏಳದಿದ್ದರೆ ಯಾರೂ ಮಾತಾಡುವುದಿಲ್ಲ.

"ಬಾರೋ, ನಮ್ಮನೇಲಿ ಕೂರೋಣ."

"ನಾನೇನ್ ಮಾಡ್ಬೇಕು ಸಾರ್?"

"ಏನೂ ಮಾಡ್ಬಾರ್ದು. ನಿನ್ ಕೈಲಾಗುತ್ತೇನೋ?"

ಮಿಮಿಕ್ರಿಗೆ ಹೊಸ ಐಟಂ ಸಿಗುತ್ತದೆಂಬ ಆಸೆಯಿಂದಲೇ ಹೋದೆ. ಅವರ ಮನೆಯಲ್ಲಿ ಒಂದಷ್ಟು ಜನ ಕಣ್ಣು ಮುಚ್ಚಿ ಕೂತಿದ್ದರು. ಒಂದೆರಡು ಕೆಮ್ಮು ಬಿಟ್ಟರೆ ಅಣಕಿಸಲು ಏನೂ ಇರಲಿಲ್ಲ. ನನ್ನೊಳಗೆ ಸಾಕಿಕೊಂಡಿದ್ದ ದನಿಗಳೆಲ್ಲ ಒಂದೊಂದಾಗಿ ಎದ್ದು ಹೋದವು. ಅಮ್ಮ ಸಾಯುತ್ತಾಳೆಂದು ಹೆದರಿದವನೊಬ್ಬ ಉಳಿದ. ಅಷ್ಟರಲ್ಲಿ ಒಬ್ಬ ಅಜ್ಜಿ ಎದ್ದು, "ಇವತ್ತೂ ನಂಗೆ ದೇವರ ದನಿ ಕೇಳಿಸ್ಲಿಲ್ಲ. ಆದ್ರೂ ಬಂದು ಕೂತಿದೀನಿ" ಎಂದು ಕೂತರು. ಯಾರೂ ಸಮಾಧಾನ ಹೇಳಲು ಹೋಗಲಿಲ್ಲ. ಅಷ್ಟು ನಿಜವಾದ ಪ್ರಾರ್ಥನೆ ನಾನು ಕೇಳಿರಲಿಲ್ಲ.

ವಾರ್ಡಿಗೆ ಬಂದು ಗಂಜಿ ಬಟ್ಟಲನ್ನು ಮಂಚದ ಮೇಲಿಟ್ಟು ಪಕ್ಕದಲ್ಲಿ ಕೂತೆ. ತಿನ್ನು ಎನ್ನಲಿಲ್ಲ. ಗಂಜಿ ಆರಿತು, ಮಧ್ಯಾಹ್ನ ದಾಟಿತು. ಆಗ ಅಮ್ಮ ಎಡಗೈಯಲ್ಲಿ ಚಮಚ ಹಿಡಿದಳು. ಅರ್ಧ ಹಾಸಿಗೆಗೆ ಚೆಲ್ಲಿತು. ಉಳಿದದ್ದನ್ನು ನನ್ನ ಬಾಯಿಗಿಟ್ಟಳು. ನಾನು ನುಂಗುವವರೆಗೂ ನೋಡುತ್ತಿದ್ದು, ಆಮೇಲೆ ತಾನು ಬಾಯಿ ತೆರೆದಳು.

ಮಾತು ಬಂದಿಲ್ಲ, ಬರುವುದೂ ಇಲ್ಲವಂತೆ. ಕೆಲವು ದಿನ ಉಣ್ಣುತ್ತಾಳೆ, ಕೆಲವು ದಿನ ಇಲ್ಲ. ನಾನು ಕ್ವೇಕರ್ ಆಗಿಲ್ಲ. ಆಂಜನೇಯನ ಮುಂದೆಯೇ ನಿಲ್ಲುತ್ತೇನೆ, ಬಾಯಿ ಮುಚ್ಚಿಕೊಂಡು. ಅವಳ ದನಿ ಬೇಡಿದ್ದೆ, ಅರ್ಧ ಬಟ್ಟಲು ಗಂಜಿ ಸಿಕ್ಕಿತು. ಅದಕ್ಕೇ ಕೈ ಮುಗಿದಿದ್ದೇನೆ. ಅಮ್ಮ ಉಣ್ಣದ ದಿನವೂ ಪಕ್ಕದಲ್ಲಿ ಕೂರುತ್ತೇನೆ. ನಾನೊಬ್ಬನೇ ಕೂತಿಲ್ಲ ಎಂಬ ನಂಬಿಕೆ ಈಗ ಗಟ್ಟಿಯಾಗಿದೆ.