ಉಷ್ಟ್ರಾಸನದಲ್ಲಿ ಅತ್ತ ತಂಗಿ

ಹೆರಿಗೆಯಲ್ಲೇ ಮಗುವನ್ನು ಕಳೆದುಕೊಂಡ ನನ್ನ ತಂಗಿ ಅಳಲೇ ಇಲ್ಲ. ಕಳಂಬೋಲಿಯ ತನ್ನ ಮನೆಯಲ್ಲಿ ತಿಂಗಳುಗಟ್ಟಲೆ ಮೊಣಕಾಲನ್ನು ಎದೆಗೊತ್ತಿಕೊಂಡು ಮುದುಡಿ ಕೂತಿರುತ್ತಿದ್ದಳು. ಮನಸ್ಸು ಹಗುರಾದೀತೆಂದು ಅವಳನ್ನು ಠಾಣೆಯ ನನ್ನ ಮನೆಗೆ ಕರೆತಂದು, ನಾನು ಹೋಗುವ ನೌಪಾಡಾದ ಯೋಗ ಕ್ಲಾಸಿಗೆ ಸೇರಿಸಿದೆ.

ಅಂದು ಉಷ್ಟ್ರಾಸನ. ಮೊಣಕಾಲ ಮೇಲೆ ನಿಂತು, ಹಿಂದಕ್ಕೆ ಬಾಗಿ ಹಿಮ್ಮಡಿ ಹಿಡಿಯಬೇಕು. ತಂಗಿ ನನಗಿಂತ ಸಲೀಸಾಗಿ ಬಾಗಿದಳು. ಎದೆ ಮೇಲೆದ್ದು ಕತ್ತು ಹಿಂದಕ್ಕೆ ಬಿದ್ದದ್ದೇ ತಡ, ಅವಳ ಗಂಟಲಿನಿಂದ ನಾನೆಂದೂ ಕೇಳದ ದನಿಯೊಂದು ಬಂತು. ಅಲ್ಲೇ ಕುಸಿದು ಅಳತೊಡಗಿದಳು. ತಬ್ಬಿಕೊಳ್ಳಲು ಹೋದ ನನ್ನನ್ನು ಟೀಚರ್ ತಡೆದರು.

"ರೋನೇ ದೋ, ದೀದಿ," ಎಂದರು, ಅತ್ತು ಮುಗಿಸಲಿ ಎಂಬಂತೆ.

ಉಳಿದವರೆಲ್ಲ ತಮ್ಮ ತಮ್ಮ ಮ್ಯಾಟಿನ ಮೇಲೆ ತಲೆ ತಗ್ಗಿಸಿ ಕೂತರು. ನಾನೂ ಕೂತೆ.

ಹೊರಗೆ ಚಪ್ಪಲಿ ಹಾಕಿಕೊಳ್ಳುವಾಗ ಕೇಳಿದೆ, "ಈಗ ಹಗುರಾತೇನ?"

"ಇಲ್ಲಕ್ಕ. ಇಷ್ಟ್ ದಿನ ಕೂಸು ಎದಿಯೊಳಗರೆ ಇತ್ತು. ಈಗ ಅಲ್ಲೂ ಇಲ್ಲ ಅನ್ನಸಾಕತ್ತೈತಿ."

ಮನೆಯವರೆಗೂ ಅವಳ ಕೈ ಹಿಡಿದು ನಡೆದೆ. ಮರುದಿನ ಕ್ಲಾಸಿನ ಹೊತ್ತಿಗೆ ಅವಳು ಗೋಡೆಯ ಕಡೆ ತಿರುಗಿ ಮಲಗಿದ್ದಳು. ಅವಳನ್ನು ಎಬ್ಬಿಸದೆ ಪಕ್ಕದಲ್ಲೇ ಕೂತೆ.