ಬೋರಲು ಹಾಕಿದ ತೆಪ್ಪ

ದೇವರು, ದೆವ್ವ, ಶಕುನ ಎಂದರೆ ನಗುತ್ತಿದ್ದವನು ನಾನು. ಯಾರಾದರೂ ಇಂಥ ಅನುಭವ ಹೇಳಲು ಬಾಯಿ ತೆರೆದರೆ, ನಿನ್ನೆ ಊಟಕ್ಕೆ ಏನಿತ್ತು ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದೆ. ಈಗ ನೀವೂ ನನ್ನನ್ನು ಹಾಗೇ ಕೇಳಬಹುದು, ಬೇಸರವಿಲ್ಲ. ಆದರೆ ಇದನ್ನು ಯಾರಿಗಾದರೂ ಹೇಳದೆ ಇದ್ದರೆ ನನ್ನ ತಳಮಳ ಇಳಿಯುವುದಿಲ್ಲ.

ಸ್ಮಾರ್ಟ್‌ಫೋನು ಎಲ್ಲರ ಜೇಬಿಗೂ ಆಗಷ್ಟೇ ಬರುತ್ತಿದ್ದ ಕಾಲ. ನಾನು ಕೆರೆಗಳ ನೀರನ್ನು ಅಳೆಯುವ ಒಂದು ಸಣ್ಣ ತಂಡದಲ್ಲಿದ್ದೆ. ದಡದಲ್ಲಿ ನಿಂತು ಸೀಸೆಗೆ ನೀರು ತುಂಬಿಕೊಂಡರೆ ಕೆರೆಯ ಒಂದು ಮೂಲೆಯ ಸುದ್ದಿ ಮಾತ್ರ ಸಿಗುತ್ತದೆ. ಅದಕ್ಕೇ ನಾವು ಸೆನ್ಸರ್ ಪೆಟ್ಟಿಗೆಯನ್ನು ಮೀನು ಹಿಡಿಯುವವರ ತೆಪ್ಪಕ್ಕೇ ಕಟ್ಟಿಬಿಟ್ಟಿದ್ದೆವು. ತೆಪ್ಪ ಹೋದಲ್ಲೆಲ್ಲ ಪೆಟ್ಟಿಗೆಯೂ ಹೋಗುತ್ತಿತ್ತು. ಅದರಿಂದ ನೀರಿಗೆ ಇಳಿಬಿಟ್ಟ ತಂತಿ ಅಲ್ಲಿನ ಆಮ್ಲಜನಕವನ್ನು ಅಳೆಯುತ್ತಿತ್ತು, ಒಳಗಿದ್ದ ಸಿಮ್ ಅದನ್ನು ಫೋನಿಗೆ ಕಳಿಸುತ್ತಿತ್ತು. ಫೋನಿನಲ್ಲಿ ಕೆರೆಯ ನಕ್ಷೆ, ತೆಪ್ಪ ಇರುವ ಕಡೆ ಒಂದು ಚುಕ್ಕೆ. ಚುಕ್ಕೆ ಹಸಿರಾಗಿದ್ದರೆ ಮೀನಿಗೆ ಉಸಿರುಂಟು, ಕೆಂಪಾದರೆ ಇಲ್ಲ.

ಕೆರೆ ಜಕ್ಕೂರಿನಿಂದ ಆಚೆಗೆ. ಹೆಸರು ಬೇಡ, ಆ ಜನ ಈಗಲೂ ಅಲ್ಲೇ ಇದ್ದಾರೆ. ಅಲ್ಲಿ ಕೆಲವು ಮನೆಯವರು ಸೇರಿ ಮೀನು ಸಾಕುತ್ತಿದ್ದರು. ಅವರಿಗೆಲ್ಲ ಹಿರಿಯರು ಪಿಳ್ಳಪ್ಪ. ಅವರ ಸೋದರಳಿಯ ಆಂಜಿನಪ್ಪ ನಮ್ಮ ಪೆಟ್ಟಿಗೆಗೆ ತನ್ನ ತೆಪ್ಪ ಕೊಟ್ಟವನು. ಅವನ ಫೋನಿಗೂ ಆ ನಕ್ಷೆ ಹಾಕಿಕೊಟ್ಟಿದ್ದೆ. ಟೀ ಅಂಗಡಿಯಲ್ಲಿ ಅದನ್ನು ಎಲ್ಲರಿಗೂ ತೋರಿಸಿ ಮೆರೆಯುತ್ತಿದ್ದ, ಮಹಾ ಖುಷಿಯ ಮನುಷ್ಯ.

ವರ್ಷಕ್ಕೊಂದು ದಿನ ಅವರು ಕೆರೆಯ ದಂಡೆಯಲ್ಲಿ ಗಂಗಮ್ಮನ ಪೂಜೆ ಮಾಡುತ್ತಾರೆ. ಅವತ್ತು ಯಾರೂ ನೀರಿಗೆ ಇಳಿಯುವಂತಿಲ್ಲ. ತೆಪ್ಪಗಳನ್ನು ತೊಳೆದು, ದಡದ ಮೇಲೆ ಬೋರಲು ಹಾಕಿ, ಅರಿಶಿನ ಕುಂಕುಮ ಇಟ್ಟು ತಂಬಿಟ್ಟಿನ ಆರತಿ ಬೆಳಗುತ್ತಾರೆ. ಆ ವರ್ಷದ ಪೂಜೆಯ ದಿನ ಮಧ್ಯಾಹ್ನ ನಾನು ಗಂಗಾನಗರದ ನನ್ನ ಮನೆಯಲ್ಲಿ ಊಟಕ್ಕೆ ಕೂತಿದ್ದಾಗ ಆಂಜಿನಪ್ಪನ ಫೋನು ಬಂತು.

"ಸಾರ್, ತೆಪ್ಪ ನೀರೊಳಗೆ ಹೋಗ್ತಾ ಐತೆ ಅಂತ ತೋರಿಸ್ತೈತೆ ಪೋನು. ನಾನು ತೆಪ್ಪದ ಪಕ್ಕದಾಗೇ ನಿಂತಿವ್ನಿ."

ನಕ್ಷೆಯಲ್ಲಿ ಚುಕ್ಕೆ ಆಚೀಚೆ ಜಾರುವುದು ಮಾಮೂಲು ಎಂದು ಸಮಾಧಾನ ಹೇಳಿದೆ. ಫೋನಿಟ್ಟು ನಾನೇ ನೋಡಿದರೆ, ಚುಕ್ಕೆ ಜಾರುತ್ತಿರಲಿಲ್ಲ. ಹುಟ್ಟು ಹಾಕಿಕೊಂಡು ಹೋದ ಹಾಗೆ ನಿಧಾನವಾಗಿ, ನೇರವಾಗಿ, ಊರಿನ ಕೊಳಚೆ ಹೊತ್ತು ತರುವ ರಾಜಕಾಲುವೆ ಬಂದು ಸೇರುವ ಮೂಲೆಯ ಕಡೆಗೆ ಹೋಗುತ್ತಿತ್ತು. ಅರ್ಧ ಊಟಕ್ಕೇ ಕೈ ತೊಳೆದು ಸ್ಕೂಟರ್ ತೆಗೆದೆ. ಹೆಬ್ಬಾಳದ ಫ್ಲೈಓವರ್ ಮೇಲೆ ಗಾಡಿಗಳು ತೆವಳುತ್ತಿದ್ದವು, ನಾನು ಯಾರ್ಯಾರನ್ನೋ ಬೈದುಕೊಳ್ಳುತ್ತಾ ಹೋದೆ.

ಹೋಗಿ ನೋಡಿದರೆ ತೆಪ್ಪ ದಡದಲ್ಲೇ ಬೋರಲಾಗಿ ಬಿದ್ದಿತ್ತು. ಅದರ ಬೆನ್ನ ಮೇಲೆ ಬಿಚ್ಚಿಟ್ಟ ನಮ್ಮ ಪೆಟ್ಟಿಗೆ, ಅದಕ್ಕೂ ಕುಂಕುಮ. ತಂತಿಯನ್ನು ಒರೆಸಿ ಸುತ್ತಿಟ್ಟಿದ್ದರು, ಬಿಸಿಲಿಗೆ ಒಣಗಿ ಗರಿಗರಿಯಾಗಿತ್ತು. ನಾನೂ ಆಂಜಿನಪ್ಪನೂ ನೋಡುತ್ತಿದ್ದ ಹಾಗೆಯೇ ಫೋನಿನ ಚುಕ್ಕೆ ಆ ಮೂಲೆಯಲ್ಲಿ ನಿಂತು ಕೆಂಪಾಯಿತು. ಗಾಳಿಯಲ್ಲಿರುವ ತಂತಿ ಆಮ್ಲಜನಕ ಇಲ್ಲವೇ ಇಲ್ಲ ಎಂದು ಹೇಳಲು ಸಾಧ್ಯವಿಲ್ಲ. ನನಗೆ ಸಿಟ್ಟೇ ಬಂತು. ಬ್ಯಾಟರಿ ಕಿತ್ತು ಜೇಬಿಗೆ ಹಾಕಿಕೊಂಡೆ. ಚುಕ್ಕೆ ಇನ್ನೂ ಸ್ವಲ್ಪ ಮುಂದೆ ಹೋಯಿತು. ಎಂದಿನದೋ ಹಳೆಯ ಸುದ್ದಿ ಈಗ ಬರುತ್ತಿದೆ ಎನ್ನೋಣವೆಂದರೆ, ಆ ಮೂಲೆಯ ತುಂಬ ಅಂತರಗಂಗೆಯ ಕಳೆ ದಟ್ಟವಾಗಿ ಬೆಳೆದಿತ್ತು. ಅಲ್ಲಿಗೆ ಯಾವ ತೆಪ್ಪವೂ ಎಂದೂ ಹೋಗಿರಲಿಲ್ಲ.

ಕೆರೆಯಲ್ಲಿದ್ದದ್ದು ಅವರೆಲ್ಲರ ಒಂದು ವರ್ಷದ ದುಡಿಮೆ. ಸಾಯುವುದಾದರೆ ಸಾಯುವ ಮೊದಲು ಆದಷ್ಟು ಮೀನನ್ನಾದರೂ ಎತ್ತೋಣ ಎಂದು ಆಂಜಿನಪ್ಪ ಹಟ ಹಿಡಿದ. ಪಿಳ್ಳಪ್ಪ ದನಿ ಏರಿಸಲಿಲ್ಲ.

"ಅಮ್ಮನ ದಿನ ನೀರು ಮುಟ್ಟಬಾರ್ದು ಕಣಪ್ಪ. ಮೀನು ಅವಳ್ದು, ಅವಳೇ ನೋಡ್ಕೋತಾಳೆ."

"ಪೋನಿನಾಗೆ ಕರೀತಿರೋಳೂ ಅವಳೇ ಅಲ್ವಾ, ಮಾವ?"

ಆಂಜಿನಪ್ಪ ತೆಪ್ಪಕ್ಕೆ ಕೈ ಮುಗಿದು, ಒಬ್ಬನೇ ಅದನ್ನು ಮಗುಚಿ ನೀರಿಗೆ ತಳ್ಳಿದ. ಕತ್ತಲಾಗುವವರೆಗೂ ಬಲೆ ಎಳೆದ. ಮೀನುಗಳು ಚಟಪಟ ಒದ್ದಾಡುತ್ತಾ ಚೆನ್ನಾಗಿಯೇ ಇದ್ದವು. ಕೆರೆಯಲ್ಲಿ ಕೆಟ್ಟದ್ದೇನೂ ಕಾಣಲಿಲ್ಲ ಎಂದು ದಡಕ್ಕೆ ಬಂದು ಅವನೇ ಹೇಳಿದ, ಮುಖ ಬಾಡಿತ್ತು.

ಬೆಳಗಾಗುವುದರೊಳಗೆ ಕೆರೆಯ ಮೀನೆಲ್ಲ ಸತ್ತು ತೇಲಿತ್ತು. ಅಂಚಿನುದ್ದಕ್ಕೂ ಬಿಳಿ ಹೊಟ್ಟೆಗಳು, ಉಸಿರಾಡಲಾಗದ ನಾತ. ನನಗೆ ಒಂದು ಕ್ಷಣ, ನಾಚಿಕೆಯಿಲ್ಲದೆ ಹೇಳುತ್ತೇನೆ, ಹೆಮ್ಮೆಯಾಯಿತು. ಪೆಟ್ಟಿಗೆ ಹೇಳಿದ್ದೇ ನಿಜವಾಯಿತಲ್ಲ, ಆಂಜಿನಪ್ಪನನ್ನು ಎಲ್ಲರೂ ಹೊತ್ತು ಮೆರೆಸುತ್ತಾರೆ ಎಂದುಕೊಂಡೆ. ಆದದ್ದು ಬೇರೆ. ಅವನು ನೀರಿಗೆ ಇಳಿದದ್ದಕ್ಕೇ ಅಮ್ಮ ಮುನಿದಳು ಎಂದು ಊರೆಲ್ಲ ಮಾತಾಯಿತು. ಅವನು ಎತ್ತಿದ್ದ ಮೀನನ್ನು ಪಾಲು ಹಂಚಲು ತಂದರೆ ಯಾರೂ ಮುಟ್ಟಲಿಲ್ಲ. ಅವನನ್ನು ಗುಂಪಿನಿಂದ ಹೊರಗಿಟ್ಟರು.

ಅವನು ನನ್ನ ಮನೆಗೆ ಬಂದು ಕೇಳಿದ್ದು ಒಂದೇ. "ಸಾರ್, ನಾನು ಇಳ್ದಿದ್ದಕ್ಕೆ ಸತ್ತಿದ್ದಲ್ಲ ಅಂತ ನೀವ್ ಬಂದು ಮಾವನಿಗೆ ಒಂದ್ ಮಾತು ಹೇಳಿ. ನಿಮ್ ಮಾತು ಕೇಳ್ತಾರೆ."

ಹೋದೆವು. ಕಾಲುವೆಯಿಂದ ಕೊಳಚೆ ನುಗ್ಗಿದರೆ ನೀರಿನ ಆಮ್ಲಜನಕ ಮುಗಿಯುತ್ತದೆ, ಮೀನು ಸಾಯುತ್ತದೆ, ಪೆಟ್ಟಿಗೆ ಅದನ್ನು ಮೊದಲೇ ತೋರಿಸಿತ್ತು ಎಂದು ಬಿಡಿಸಿ ಬಿಡಿಸಿ ಹೇಳಿದೆ. ಪಿಳ್ಳಪ್ಪ ಜಗಲಿಯ ಮೇಲೆ ಕೂತು ಪೂರ್ತಿ ಕೇಳಿಸಿಕೊಂಡರು.

"ಎಲ್ಲಾ ಸರಿ ಸ್ವಾಮಿ. ಆವತ್ತು ನಿಮ್ ಪೆಟ್ಟಿಗೆ ನೀರಾಗೆ ಇತ್ತಾ?"

ಇಲ್ಲ, ದಡದ ಮೇಲಿತ್ತು ಎಂದೆ.

"ಮತ್ತೆ ಅದಕ್ಕೆ ಯಾರು ಹೇಳಿದ್ರು?"

ಆಂಜಿನಪ್ಪ ನನ್ನ ಮುಖವನ್ನೇ ನೋಡುತ್ತಿದ್ದ. "ಬನ್ನಿ ಸಾರ್, ಹೋಗಣ," ಎಂದು ಎದ್ದ.

ಅವನು ಈಗ ಬಾಗಲಗುಂಟೆಯ ಕಡೆ ಗೂಡ್ಸ್ ಆಟೋ ಓಡಿಸುತ್ತಾನೆ. ಸಿಕ್ಕಾಗ ಚೆನ್ನಾಗಿಯೇ ಮಾತಾಡುತ್ತಾನೆ, ಕೆರೆಯ ಸುದ್ದಿ ಎತ್ತುವುದಿಲ್ಲ. ಆ ಪೆಟ್ಟಿಗೆಯನ್ನು ನಾನು ಬಿಚ್ಚಿ ನೋಡಿದ್ದೇನೆ, ಬಲ್ಲವರಿಗೆಲ್ಲ ತೋರಿಸಿದ್ದೇನೆ. ಒಬ್ಬೊಬ್ಬರು ಒಂದೊಂದು ಹೇಳಿದರು, ಯಾವುದೂ ಪೂರ್ತಿ ಕೂಡಿಬರಲಿಲ್ಲ. ಪಿಳ್ಳಪ್ಪ ಇನ್ನೂ ಗಟ್ಟಿಯಾಗಿದ್ದಾರಂತೆ. ಆ ಪ್ರಶ್ನೆಗೆ ಒಂದು ಉತ್ತರ ಸಿಕ್ಕರೆ ಸಾಕು, ಆಂಜಿನಪ್ಪನನ್ನು ಕರೆದುಕೊಂಡು ಇವತ್ತೇ ಆ ಜಗಲಿಗೆ ಹೋಗುತ್ತೇನೆ.