ಕೂತಲ್ಲೇ ಗೆದ್ದ ‘ಹೆದರಬೇಡಿ ಅಕ್ಕ’

ಬೀದಿ ದೀಪಗಳು ಇನ್ನೂ ಆರಿಲ್ಲ. ಆಸ್ಪತ್ರೆಯ ಹಿಂಬದಿಯ ಕಟ್ಟಡದಲ್ಲಿ, ಕಿಟಕಿಯೇ ಇಲ್ಲದ ಒಂದು ಉದ್ದನೆಯ ಕೋಣೆಯಲ್ಲಿ, ಐವತ್ತರ ಆಸುಪಾಸಿನ ಹೆಂಗಸೊಬ್ಬರು ಮೊಣಕಾಲೂರಿ ಕುರ್ಚಿಯೊಂದರ ಅಡಿಗೆ ಕೈ ಹಾಕಿದ್ದಾರೆ. ಅಲ್ಲೊಂದು ಅಂಗಿಯ ಗುಂಡಿ. ಗುಂಡಿಗೆ ಸುತ್ತಿದ ಮೂರು ಬಣ್ಣದ ದಾರಗಳು. ಅವರು ಹಳದಿ ದಾರವನ್ನಷ್ಟೇ ಬಿಚ್ಚಿ ಇಳಿಬಿಡುತ್ತಾರೆ. ಒಂದು ಕೈಯಲ್ಲಿ ಪಕ್ಕದ ಹಿಡಿ ಎತ್ತಿ, ಇನ್ನೊಂದು ಕೈಯಿಂದ ಸೀಟನ್ನು ಅದುಮುತ್ತಾರೆ. ದಾರದ ತುದಿಯ ಗಂಟು ನೆಲ ಮುಟ್ಟಿತೋ, ಹಿಡಿ ಬಿಟ್ಟು, ದಾರವನ್ನು ಮತ್ತೆ ಗುಂಡಿಗೆ ಸುತ್ತಿ, ಕೂರುತ್ತಾರೆ. ಎರಡೂ ಪಾದ ನೆಲದ ಮೇಲೆ, ಬೆನ್ನು ಕುರ್ಚಿಯ ಬೆನ್ನಿಗೆ, ಹೆಡ್‌ಫೋನು ಕಿವಿಗೆ.

ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಮೊದಲ ಕರೆ. ಆ ಕಡೆಯಿಂದ ಬರೀ ಅಳು.

“ಹೆದರಬೇಡಿ, ನಾನಿದ್ದೀನಿ. ಎಲ್ಲಿದ್ದೀರಿ ಹೇಳಿ.”

ಇದು ಆಂಬುಲೆನ್ಸ್ ಕಂಟ್ರೋಲ್ ರೂಮ್. ಯಾವ ಮನೆಯಲ್ಲಿ ಯಾರೇ ಕುಸಿದುಬೀಳಲಿ, ಮೊದಲು ಮೊಳಗುವುದು ಈ ಕೋಣೆಯ ಫೋನು. ಇಪ್ಪತ್ತು ವರ್ಷಗಳಿಂದ ಪ್ರತಿ ಕರೆಯನ್ನೂ ಅದೇ ಮಾತಿನಿಂದ ಶುರು ಮಾಡಿದ್ದಕ್ಕೆ ಸಹೋದ್ಯೋಗಿಗಳ ಬಾಯಲ್ಲಿ ಇವರು ‘ಹೆದರಬೇಡಿ ಅಕ್ಕ’ ಆಗಿಬಿಟ್ಟಿದ್ದಾರೆ. ಬೆಳಗಿನ ಪಾಳಿಯೊಂದರಲ್ಲೇ ನೂರರ ಹತ್ತಿರ ಕರೆಗಳು. ಅದರಲ್ಲಿ ಕಾಲು ಭಾಗ ರಾಂಗ್ ನಂಬರು, ಒಂದಿಷ್ಟು ಹುಡುಗಾಟ, ಉಳಿದದ್ದೆಲ್ಲ ಜೀವದ ಮಾತು. ಗುಣವಾದವರು ಡಾಕ್ಟರಿಗೆ ಹೂಗುಚ್ಛ ಕೊಡುತ್ತಾರೆ, ಆಂಬುಲೆನ್ಸ್ ಡ್ರೈವರನ ಕೈ ಕುಲುಕುತ್ತಾರೆ. ಗಾಡಿ ಬರುವ ತನಕ ಕಿವಿಯಲ್ಲಿ ಜೊತೆಗಿದ್ದ ದನಿ ಯಾರದೆಂದು ಕೇಳಿದವರು ಬೆರಳೆಣಿಕೆಯಷ್ಟೂ ಇಲ್ಲ. ಅಕ್ಕನಿಗೆ ಆ ಬಗ್ಗೆ ಬೇಸರವೂ ಇಲ್ಲ. ಬೇಸರ ಇದ್ದದ್ದು ಬೆನ್ನಿನ ಬಗ್ಗೆ.

ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎನ್ನುತ್ತಾರೆ. ಅಕ್ಕನದು ಕೂತೇ ದುಡಿದು ಉಣ್ಣುವ ಮನೆ. ಗಂಡ ಬ್ರೆಡ್ ಸಾಗಿಸುವ ವ್ಯಾನಿನ ಡ್ರೈವರು. ಅತ್ತೆ ದರ್ಜಿ, ಕಣ್ಣು ಮಂಜಾಗುವ ತನಕ ಹೊಲಿಗೆ ಯಂತ್ರದ ಮುಂದೆ, ಬೆನ್ನಿಗೆ ಆಸರೆಯಿಲ್ಲದ ಒಂದು ಮರದ ಸ್ಟೂಲಿನ ಮೇಲೆ ಆಯುಷ್ಯ ಸವೆಸಿದವರು. ಆ ಸ್ಟೂಲು ಇಂದಿಗೂ ಅಡುಗೆಮನೆಯ ಮೂಲೆಯಲ್ಲಿದೆ. ಅತ್ತೆಯ ಸೊಂಟ ಬಾಗಿದೆ, ನಾಲಗೆ ಮಾತ್ರ ನೆಟ್ಟಗಿದೆ.

ಕಂಟ್ರೋಲ್ ರೂಮಿನ ಹಳೆಯ ಕುರ್ಚಿಗಳಿಗೆ ಹಗಲು ರಾತ್ರಿ ಬಿಡುವೇ ಇರಲಿಲ್ಲ. ಒಂದೊಂದು ಕುರ್ಚಿಗೂ ಮೂರು ಪಾಳಿಯ ಮೂವರು ಒಡೆಯರು. ಒಬ್ಬರು ಏರಿಸಿದ್ದನ್ನು ಇನ್ನೊಬ್ಬರು ಇಳಿಸುವುದು, ಇಳಿಸಿದ್ದನ್ನು ಮತ್ತೊಬ್ಬರು ಬೈಯುತ್ತ ಏರಿಸುವುದು. ಕುರ್ಚಿಗಾಗಿ ಕಚ್ಚಾಡುವುದು ರಾಜಕಾರಣಿಗಳಿಗೆ ಮಾತ್ರ ಮೀಸಲೇನಲ್ಲ. ಕೊನೆಗೆ ಹಿಡಿಗಳೇ ಮುರಿದು, ಎಲ್ಲ ಕುರ್ಚಿಗಳೂ ಯಾರಿಗೂ ಹೊಂದದ ಒಂದೇ ಎತ್ತರದಲ್ಲಿ ನಿಂತುಬಿಟ್ಟವು. ಜಗಳವೂ ನಿಂತಿತು, ಬೆನ್ನುನೋವು ಶುರುವಾಯಿತು.

ಅಕ್ಕ ಬೆಲ್ಟು ಕಟ್ಟಿಕೊಂಡರು, ಮುಲಾಮು ತಿಕ್ಕಿಸಿಕೊಂಡರು, ಹಾಸಿಗೆ ಬದಲಿಸಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಯಿತು. ಪಾಳಿ ಮುಗಿದಾಗ ಅವರು ಮೇಜಿನ ಅಂಚು ಹಿಡಿದು ಏಳುತ್ತಿದ್ದ ರೀತಿಗೆ ಕೋಣೆಯವರು ‘ಮೂರು ಕಂತು’ ಎಂದು ಹೆಸರಿಟ್ಟಿದ್ದರು. ಮೊದಲ ಕಂತಿನಲ್ಲಿ ಸೊಂಟ ಏಳುವುದು, ಎರಡನೆಯದರಲ್ಲಿ ಹಲ್ಲು ಕಚ್ಚಿ ನಿಲ್ಲುವುದು, ಮೂರನೆಯದರಲ್ಲಿ ಬೆನ್ನು ನೆಟ್ಟಗಾಗುವುದು. ನಗುತ್ತಲೇ ಹೆಸರಿಟ್ಟವರು ನೋಡಲಾಗದೆ ಮುಖ ತಿರುಗಿಸುತ್ತಲೂ ಇದ್ದರು.

ಡಾಕ್ಟರು ಒಂದೇ ಮಾತಿನಲ್ಲಿ ಮುಗಿಸಿದರು: ಕುರ್ಚಿ ಬದಲಾಯಿಸಿ, ಇಲ್ಲವೇ ಕೆಲಸ ಬದಲಾಯಿಸಿ. ಸೂಪರ್‌ವೈಸರ್ ಒಳ್ಳೆಯ ಮನುಷ್ಯ. ಮೇಲಿನವರ ಬೆನ್ನು ಬಿದ್ದು, ಒಂದೇ ಒಂದು ಉತ್ತಮ ದರ್ಜೆಯ ಕುರ್ಚಿಗೆ ಒಪ್ಪಿಗೆ ತಂದರು. ಅದರಿಂದ ಗುಣ ಕಂಡರೆ ಎಲ್ಲ ಮೇಜುಗಳಿಗೂ ಅಂಥದ್ದೇ ಬರುತ್ತದೆ. ಕಾಣದಿದ್ದರೆ ಅಕ್ಕ ಹೆಡ್‌ಫೋನು ಕಳಚಿಟ್ಟು ಉಗ್ರಾಣಕ್ಕೆ ಹೋಗಬೇಕು; ಅಲ್ಲಿ ಓಡಾಡುವ ಕೆಲಸ, ಕೂರುವ ಗೋಜಿಲ್ಲ.

“ಉಗ್ರಾಣದಲ್ಲಿ ಯಾರಿಗೆ ಹೇಳ್ಲಿ ಹೆದರಬೇಡಿ ಅಂತ? ಹತ್ತಿ ಉಂಡೆಗಳಿಗಾ?” ಎಂದು ಅಕ್ಕ ಈಗ ನಗುತ್ತಾರೆ. ಆಗ ನಕ್ಕಿರಲಿಲ್ಲ. ಅಂದು ಮನೆಗೆ ಬಂದು, ಬಚ್ಚಲಿನ ನಲ್ಲಿ ತಿರುಗಿಸಿ, ನೀರಿನ ಸದ್ದಿನಲ್ಲಿ ಅತ್ತರಂತೆ.

ಕುರ್ಚಿ ಆರಿಸುವ ಅಧಿಕಾರ ಸೂಪರ್‌ವೈಸರ್ ಅಕ್ಕನಿಗೇ ಕೊಟ್ಟರು. ರಜೆಯ ದಿನ ಪಾಳಿಯವರೆಲ್ಲ ಮದುವೆಗೆ ಹೊರಟವರಂತೆ ಅಂಗಡಿಗೆ ಹೊರಟರು. ಗಾಜಿನ ಬಾಗಿಲು, ತಣ್ಣನೆಯ ಗಾಳಿ, ಸಾಲು ಸಾಲು ಕುರ್ಚಿಗಳು. ಒಬ್ಬೊಬ್ಬರೂ ಕೂತರು, ಒರಗಿದರು, ಕಾಲು ಚಾಚಿದರು, “ಆಹಾ” ಎಂದರು. ತಲೆದಿಂಬು, ಕಾಲುಮಣೆ ಎಲ್ಲ ಇದ್ದ ಒಂದು ಭಾರೀ ಕುರ್ಚಿಯಲ್ಲಿ ಅಕ್ಕನ ಪಕ್ಕದ ಮೇಜಿನ ಸಹೋದ್ಯೋಗಿ ನಿಜಕ್ಕೂ ಗೊರಕೆ ಹೊಡೆದರು. ಗೊರಕೆಗಿಂತ ಬೇರೆ ಸಾಕ್ಷಿ ಬೇಕೆ? ಅಕ್ಕನೂ ಅದರಲ್ಲಿ ಒರಗಿ ಕಣ್ಣು ಮುಚ್ಚಿದರು, ನೋವು ಕರಗಿದ ಹಾಗಾಯಿತು. ಅದನ್ನೇ ತಂದರು.

ಮಾರನೆಯ ಬೆಳಗ್ಗೆ ಮೊದಲ ಕರೆಗೇ ಬಣ್ಣ ಬಯಲಾಯಿತು. ಫೋನು ಮೊಳಗಿದ ಕೂಡಲೇ ಅಕ್ಕ ಮುಂದಕ್ಕೆ ಬಾಗಿದರು. ಈ ಕೋಣೆಯಲ್ಲಿ ಒರಗಿಕೊಂಡು ಫೋನೆತ್ತುವವರು ಯಾರೂ ಇಲ್ಲ. ಆ ಕಡೆ ಒಂದು ಜೀವ ಒದ್ದಾಡುವಾಗ ಮೈ ತಾನಾಗಿ ಸೀಟಿನ ಅಂಚಿಗೆ ಬರುತ್ತದೆ. ಕುರ್ಚಿಯ ಬೆನ್ನು ಹಿಂದೆಯೇ ಉಳಿಯಿತು. ಕೈಹಿಡಿಗಳು ಮೇಜಿಗೆ ತಗುಲಿ ಕೀಬೋರ್ಡು ದೂರವಾಯಿತು. ಪಾದ ನೆಲಕ್ಕೆ ಎಟುಕಲಿಲ್ಲ. ಪಾಳಿ ಮುಗಿದಾಗ ಅಕ್ಕ ಎದ್ದದ್ದು ನಾಲ್ಕು ಕಂತಿನಲ್ಲಿ. ದಿನವಿಡೀ ಕೂರುವುದೇ ಕಸುಬಾದ ಹತ್ತು ಜನ ಸೇರಿ, ಕೆಲಸ ಮಾಡುವಾಗ ತಾವು ಹೇಗೆ ಕೂರುತ್ತೇವೆಂಬುದನ್ನೇ ಮರೆತು, ನಿದ್ದೆಗೆ ಹೇಳಿ ಮಾಡಿಸಿದ ಕುರ್ಚಿ ತಂದಿದ್ದರು!

“ನನಗೆ ನಾಚಿಕೆಯಾಗಿಹೋಯ್ತು” ಎನ್ನುತ್ತಾರೆ ಅಕ್ಕ. “ಕುಣಿಯಲಾರದವಳು ನೆಲ ಡೊಂಕು ಅಂದ್ಲು ಅಂತಾರಲ್ಲ, ಹಾಗೇ ನನ್ನನ್ನೂ ಅಂತಾರೆ ಅನ್ನಿಸ್ತು. ನಾನೇ ಆರಿಸಿದ್ದು, ಯಾರನ್ನ ದೂರಲಿ?”

ತಿಂಗಳೊಳಗೆ ಒಂದು ಸಲ, ಒಂದೇ ಸಲ, ಬದಲಿಸಿ ಕೊಡುವುದು ಅಂಗಡಿಯ ಪದ್ಧತಿ. ಅಕ್ಕ ಆ ಒಂದು ಅವಕಾಶವನ್ನು ಕೈಯಲ್ಲಿ ಹಿಡಿದು ಮನೆಯಲ್ಲಿ ಮಂಕಾಗಿ ಕೂತಿದ್ದಾಗ ಅತ್ತೆ ಬಾಯಿ ಬಿಟ್ಟರು.

“ಮೇಜೇ ಇಲ್ದೆ ಕುರ್ಚಿ ಹೇಗೆ ನೋಡಿದ್ರಿ? ಗುಂಡಿ ನೋಡದೆ ಕಾಜಾ ಹೊಲಿದ ಹಾಗಾಯ್ತು. ನಿನ್ನ ಅಳತೆ ತಗೊಂಡ್ರಾ?”

“ಕುರ್ಚಿಗೆ ಯಾರು ಅಳತೆ ತಗೋತಾರೆ ಅತ್ತೆ?”

“ಅಂಗಿಗೆ ತಗೋತಾರೆ, ಚಪ್ಪಲಿಗೆ ತಗೋತಾರೆ. ದಿನವಿಡೀ ಮೈಗೆ ಅಂಟ್ಕೊಂಡಿರೋ ಕುರ್ಚಿಗೆ ಬೇಡ್ವಾ? ನಡಿ, ನಾನೂ ಬರ್ತೀನಿ.”

ಕತ್ತಿನಲ್ಲಿ ಟೇಪು ಹಾಕಿಕೊಂಡೇ ಅತ್ತೆ ಅಂಗಡಿ ಹೊಕ್ಕರು. ಸೊಸೆಯನ್ನು ಕೂರಿಸಿ ಮೊಣಕಾಲ ಹಿಂಬದಿಯಿಂದ ಹಿಮ್ಮಡಿಯ ತನಕ ಅಳೆದರು, ಬೆನ್ನಿನಿಂದ ಮೊಣಕಾಲ ತನಕ ಅಳೆದರು, ಮಡಚಿದ ಮೊಣಕೈ ಎಲ್ಲಿಗೆ ಬರುತ್ತದೆ ನೋಡಿದರು. ಅಂಗಡಿಯ ಸಣಕಲು ಸೇಲ್ಸ್‌ಮನ್ ನಗಲಿಲ್ಲ. ತಾನೇ ಹೋಗಿ, ಕಂಟ್ರೋಲ್ ರೂಮಿನದಷ್ಟೇ ಎತ್ತರದ ಮೇಜೊಂದನ್ನು ಎಳೆದು ತಂದಿಟ್ಟ.

“ಈಗ ಕೆಲ್ಸ ಮಾಡೋ ಹಾಗೆ ಕೂತು ತೋರಿಸಿ ಮೇಡಂ” ಎಂದ.

“ಫೋನಿಲ್ದೆ ಆ ಥರ ಕೂರೋಕೆ ಬರಲ್ಲ” ಎಂದರು ಅಕ್ಕ. ಅದು ನಿಜವಾದ ಮಾತು.

“ಅಷ್ಟೇನಾ? ನಾನು ಮಾಡ್ತೀನಿ ಫೋನು” ಎಂದು ಅತ್ತೆ ಮೊಬೈಲು ಹಿಡಿದು ಅಂಗಡಿಯ ಇನ್ನೊಂದು ತುದಿಗೆ ನಡೆದರು.

ಮೊದಲ ಕುರ್ಚಿಯಲ್ಲಿ ಅಕ್ಕ ಕೂತಾಗ, ಫೋನಿನ ನಾಟಕದಲ್ಲಿ ಅತ್ತೆಗೆ ‘ಕೈ ಸುಟ್ಟಿತು’. ಕೈಹಿಡಿ ಮೇಜಿಗೆ ಬಡಿಯಿತು, ಆ ಕುರ್ಚಿ ಲೆಕ್ಕದಿಂದ ಹೊರಬಿತ್ತು. ಎರಡನೆಯದಕ್ಕೆ ಅತ್ತೆಯ ‘ಕಾಲು ಮುರಿಯಿತು’. ಸೀಟು ಉದ್ದವಾಗಿ ಮೊಣಕಾಲ ಹಿಂದೆ ಒತ್ತಿತು. ಆಮೇಲೆ ಸೇಲ್ಸ್‌ಮನ್ ಮೂಲೆಯಿಂದ ಒಂದು ಬಡಕಲು ಕುರ್ಚಿಯನ್ನು ಉರುಳಿಸಿಕೊಂಡು ಬಂದ. ಬಲೆಯ ಬೆನ್ನು, ತಲೆದಿಂಬಿಲ್ಲ, ಕಾಲುಮಣೆಯಿಲ್ಲ. ಬೆಲೆ ಮಾತ್ರ ಆ ಭಾರೀ ಕುರ್ಚಿಯದ್ದೇ. “ಇದ್ರಲ್ಲಿ ಒಂದು ವಿಶೇಷ ಇದೆ. ನೀವು ಮುಂದಕ್ಕೆ ಬಾಗಿದ್ರೆ ಸೀಟೂ ಬಾಗತ್ತೆ, ಬೆನ್ನೂ ಹಿಂದೇನೇ ಬರತ್ತೆ. ನೋಡೋಕೆ ಚೆನ್ನಾಗಿಲ್ಲ ಅಂತ ಯಾರೂ ಕೂತೇ ನೋಡಲ್ಲ” ಎಂದ.

ಅಷ್ಟರಲ್ಲಿ ಅತ್ತೆಗೆ ನಾಟಕದ ರುಚಿ ಹತ್ತಿತ್ತು. ಫೋನಿನಲ್ಲಿ ದನಿ ನಡುಗಿಸಿ, “ಅಯ್ಯೋ, ನನ್ನ ಸೊಸೆ ಬಿದ್ದುಬಿಟ್ಲು! ಕಣ್ಣು ತೆಗೀತಿಲ್ಲ, ಉಸಿರೇ ಇಲ್ಲ! ಯಾರಾದ್ರೂ ಬನ್ನಿ!” ಎಂದು ಕಿರುಚಿದರು. ಬಾಗಿಲಲ್ಲಿದ್ದ ಕಾವಲುಗಾರ ನೀರಿನ ಬಾಟಲಿ ಹಿಡಿದು ಓಡಿಬಂದ. ಸೋಫಾ ನೋಡುತ್ತಿದ್ದ ಗಂಡ ಹೆಂಡತಿ ಎದೆ ಹಿಡಿದುಕೊಂಡರು.

ಅಕ್ಕನಿಗೆ ಇದ್ಯಾವುದರ ಪರಿವೆಯೂ ಇರಲಿಲ್ಲ. “ಹೆದರಬೇಡಿ, ನಾನಿದ್ದೀನಿ. ಅವರನ್ನ ಅಂಗಾತ ಮಲಗಿಸಿ. ಎದೆ ಮಧ್ಯೆ ಅಂಗೈ ಇಡಿ, ಜೋರಾಗಿ ಒತ್ತಿ. ನಾನು ಎಣಿಸ್ತೀನಿ, ನಿಲ್ಲಿಸಬೇಡಿ. ಒಂದು, ಎರಡು, ಮೂರು...” ಅದು ನಾಟಕ ಎಂಬುದೂ, ತಾನು ಕೂತಿರುವುದು ಅಂಗಡಿಯಲ್ಲಿ ಎಂಬುದೂ ಮರೆತೇಹೋಗಿತ್ತು. ಪಕ್ಕದಲ್ಲಿ ನೆಲಕ್ಕೆ ಕೂತು ಕಣ್ಣು ಕಿರಿದಾಗಿಸಿ ನೋಡುತ್ತಿದ್ದ ಸೇಲ್ಸ್‌ಮನ್ ಕೂಗಿದ: “ಬೆನ್ನು ಬಿಟ್ಟಿಲ್ಲ! ಅಮ್ಮಾ, ಕುರ್ಚಿ ಬೆನ್ನು ಬಿಟ್ಟಿಲ್ಲ ನೋಡಿ!”

ನಿಜ. ಅಕ್ಕ ಮುಂದೆ ಬಂದಷ್ಟೂ ಕುರ್ಚಿ ಬಂದಿತ್ತು. ಕರೆ ಮುಗಿದಾಗ ಅಂಗಡಿಯಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. “ಹೋಗಿ ಹೋಗಿ ನನ್ನನ್ನೇ ಬೀಳಿಸಿದ್ರಲ್ಲ ಅತ್ತೆ?” ಎಂದು ಸೊಸೆ ಕೇಳಿದರೆ, ಅತ್ತೆ ಟೇಪು ಸುತ್ತುತ್ತ, “ಏನು ಮಾಡ್ಲಿ, ನಿಜವಾಗ್ಲೂ ಹೆದರಿಕೆ ಆಗ್ಬೇಕು ಅಂದ್ರೆ ಬೇರೆ ಯಾರೂ ನೆನಪಿಗೆ ಬರ್ಲಿಲ್ಲ” ಎಂದರು.

ಹೊರಡುವ ಮುಂಚೆ ಅತ್ತೆ ಸೇಲ್ಸ್‌ಮನ್‌ಗೆ ಕೂರಪ್ಪ ಎಂದರು. “ಡ್ಯೂಟೀಲಿ ನಮಗೆ ಕೂರೋ ಹಾಗಿಲ್ಲ ಅಮ್ಮ” ಎಂದ. ಸುತ್ತ ಮುತ್ತ ನೂರಾರು ಕುರ್ಚಿ, ಮಾರುವವನಿಗೆ ಒಂದೂ ಇಲ್ಲ!

ಹೊಸ ಕುರ್ಚಿ ಬಂದ ವಾರದಲ್ಲೇ ಬೆಳಗಿನ ಪಾಳಿಗೆ ಒಂದು ಕರೆ. ಬಟ್ಟೆ ಒಗೆಯುವ ಅಂಗಡಿಯವನೊಬ್ಬನ ಅಣ್ಣ ಯಂತ್ರಗಳ ನಡುವೆ ಕುಸಿದಿದ್ದಾನೆ, ಉಸಿರಿಲ್ಲ. ರಸ್ತೆಯಲ್ಲಿ ಲಾರಿ ಮಗುಚಿ ಆಂಬುಲೆನ್ಸ್ ಸುತ್ತು ಹಾಕಿ ಬರಬೇಕು. ಅಕ್ಕ ಎಣಿಸತೊಡಗಿದರು. ತಮ್ಮ ಅಳುತ್ತ ಒತ್ತುತ್ತಿದ್ದ, “ಕೈ ಸೋತುಹೋಯ್ತು ಅಕ್ಕಾ” ಎನ್ನುತ್ತಿದ್ದ. “ಸೋಲಲ್ಲ. ನನ್ನ ಜೊತೆ ಎಣಿಸಿ” ಎನ್ನುತ್ತಿದ್ದರು ಇವರು. ಅವನ ಕೈ ಸೋಲುವ ಮೊದಲು ತನ್ನ ದನಿ ಸೋಲಬಾರದು, ಅದಷ್ಟೇ ಅವರ ತಲೆಯಲ್ಲಿದ್ದದ್ದು. ಸೈರನ್ ಕೇಳಿಸಿತು, ಬಾಗಿಲು ತೆರೆದ ಸದ್ದಾಯಿತು, ಗಾಡಿಯವರು ಕೆಲಸ ಹಿಡಿದರು. ಎಷ್ಟೋ ಹೊತ್ತಿನ ಮೇಲೆ ಫೋನಿನಲ್ಲಿ ಬೇರೊಂದು ದನಿ: “ಉಸಿರು ಬಂತು. ಕರ್ಕೊಂಡು ಹೊರಟ್ವಿ.”

ಅಕ್ಕ ಹೆಡ್‌ಫೋನು ತೆಗೆದಿಟ್ಟು ನೀರು ಕುಡಿಯಲು ಎದ್ದರು. ಕೋಣೆಯಲ್ಲಿ ಚಪ್ಪಾಳೆ. ಬದುಕಿದವನಿಗಾಗಿ ಎಂದುಕೊಂಡು ಅವರೂ ಕೈ ತಟ್ಟಿದರು. ಆಗ ಪಕ್ಕದ ಮೇಜಿನಿಂದ, ಹಿಂದೆ ಗೊರಕೆ ಹೊಡೆದಿದ್ದ ಅದೇ ಮಹಾನುಭಾವ, ಕಣ್ಣೊರೆಸಿಕೊಳ್ಳುತ್ತ ಹೇಳಿದರು: “ಅಕ್ಕಾ, ಒಂದೇ ಕಂತು! ಮೇಜು ಮುಟ್ಟಲಿಲ್ಲ ನೀವು!”

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಸೂಪರ್‌ವೈಸರ್ ಸೀದಾ ಒಳಗೆ ಹೋಗಿ ಮೇಲಿನವರಿಗೆ ಫೋನು ಮಾಡಿದರು. ಈಗ ಎಲ್ಲ ಮೇಜುಗಳ ಮುಂದೆಯೂ ಅದೇ ಬಡಕಲು ಕುರ್ಚಿ. ಮತ್ತೆ ಜಗಳ ಆಗಬಾರದೆಂದು ಅತ್ತೆ ಒಂದು ದಿನ ಬಂದು ಎಲ್ಲರ ಅಳತೆ ತೆಗೆದು, ಪ್ರತಿ ಕುರ್ಚಿಯ ಅಡಿಗೆ ಗುಂಡಿ ಹೊಲಿದು, ಪಾಳಿಗೊಂದು ಬಣ್ಣದ ದಾರ ಕಟ್ಟಿ ಹೋಗಿದ್ದಾರೆ. ದಾರದ ಉದ್ದವೇ ಅವರವರ ಎತ್ತರ. ಉಗ್ರಾಣಕ್ಕೆ ಬೇರೆ ಯಾರನ್ನೋ ನೇಮಿಸಲಾಗಿದೆ.

ಇನ್ನೇನು ಆಸೆ ಎಂದರೆ ಅಕ್ಕ ತಮಗಾಗಿ ಏನನ್ನೂ ಕೇಳುವುದಿಲ್ಲ. “ಆ ಕುರ್ಚಿ ಅಂಗಡಿ ಅಣ್ಣನಿಗೆ ಒಂದು ಸ್ಟೂಲಾದ್ರೂ ಸಿಗ್ಲಿ. ಅತ್ತೆ ತಮ್ಮದನ್ನೇ ಕೊಡ್ತೀನಿ ಅಂತ ಹಟ ಹಿಡಿದಿದ್ದಾರೆ” ಎನ್ನುತ್ತಾರೆ. ಜೀವ ಉಳಿಸುವವರು ಎಂದು ಹೊಗಳಿದರೆ ಕೈ ಅಡ್ಡ ಆಡಿಸುತ್ತಾರೆ.

“ಉಳಿಸೋರು ಗಾಡೀಲಿ ಓಡ್ತಿರ್ತಾರೆ. ನಾನು ಇಲ್ಲಿ ಕೂತಿರ್ತೀನಿ, ಅಷ್ಟೇ.” ಫೋನು ಮೊಳಗುತ್ತದೆ. ಅಕ್ಕ ಮುಂದಕ್ಕೆ ಬಾಗುತ್ತಾರೆ, ಕುರ್ಚಿ ಜೊತೆಗೇ ಬಾಗುತ್ತದೆ. ಹೆಡ್‌ಫೋನು ಸರಿಮಾಡಿಕೊಳ್ಳುತ್ತ, ಕಣ್ಣಂಚಿನಲ್ಲೇ ನಕ್ಕು ಹೇಳುತ್ತಾರೆ: “ಆದ್ರೆ ನೋಡಿ, ಈಗ ಸರಿಯಾಗಿ ಕೂತಿದ್ದೀನಿ.”